ವಿದ್ಯುತ್ಕಾಂತೀಯ ಆಕ್ಚುಯೇಟರ್‌ಗಳ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ

ವಿದ್ಯುತ್ಕಾಂತೀಯ ಆಕ್ಚುಯೇಟರ್‌ಗಳ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ ಎಂದರೆ ಕಾಂತೀಯ ಬಲದಿಂದ ಚಲಿಸುವ ಸಾಧನವೊಂದರ ವರ್ತನೆಯನ್ನು, ಆ ಸಾಧನವನ್ನು ತಯಾರಿಸುವುದಕ್ಕೆ ಮೊದಲೇ, ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತಿಳಿಯುವ ವಿಧಾನ. ಸಾಧನವನ್ನೂ ಅದರ ಸುತ್ತಲಿನ ಗಾಳಿಯನ್ನೂ ಸಾವಿರಾರು ಸಣ್ಣ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದು ತುಂಡಿನಲ್ಲಿ ಕಾಂತಕ್ಷೇತ್ರ ಎಷ್ಟಿದೆ ಎಂದು ಕಂಡುಹಿಡಿದು, ಅದರಿಂದ ಬಲ, ಇಂಡಕ್ಟೆನ್ಸ್, ಸ್ಪಂದನ ಕಾಲ ಮೊದಲಾದವನ್ನು ಪಡೆಯಲಾಗುತ್ತದೆ. ವಾಹನಗಳ ಸ್ಟಾರ್ಟರ್ ಸೊಲೆನಾಯ್ಡ್, ಇಂಧನ ಇಂಜೆಕ್ಟರ್, ರಿಲೇ, ಬಟ್ಟೆ ಒಗೆಯುವ ಯಂತ್ರದ ನೀರಿನ ವಾಲ್ವ್, ಲಿಫ್ಟಿನ ಬ್ರೇಕ್, ಧ್ವನಿವರ್ಧಕ ಮುಂತಾದವುಗಳ ವಿನ್ಯಾಸದಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಈ ವಿಧಾನವನ್ನು ಕನ್ನಡದಲ್ಲಿ ಪರಿಮಿತ ಅಂಶ ವಿಶ್ಲೇಷಣೆ ಎಂದೂ ಕರೆಯುತ್ತಾರೆ. ಇದರ ಒಂದು ಸ್ವಭಾವವನ್ನು ಹೊಸದಾಗಿ ಕಲಿಯುವವರು ಮೊದಲೇ ಅರಿತಿರಬೇಕಾಗುತ್ತದೆ. ಕೊಟ್ಟ ಮಾಹಿತಿ ತಪ್ಪಾಗಿದ್ದರೂ ತಂತ್ರಾಂಶವು ಬಹುಪಾಲು ಒಂದು ಉತ್ತರವನ್ನೂ ಬಣ್ಣಬಣ್ಣದ ಚಿತ್ರವನ್ನೂ ಕೊಟ್ಟೇ ಕೊಡುತ್ತದೆ. ಆದ್ದರಿಂದ ಕೈಲೆಕ್ಕದಿಂದಲೂ ಪರೀಕ್ಷೆಯಿಂದಲೂ ಉತ್ತರವನ್ನು ತಾಳೆ ನೋಡುವುದು ಈ ವಿಶ್ಲೇಷಣೆಯ ಅವಿಭಾಜ್ಯ ಅಂಗವಾಗಿದೆ.

## ಪರಿಭಾಷೆ

* ಆಕ್ಚುಯೇಟರ್: ವಿದ್ಯುತ್ ಸಂಕೇತವನ್ನು ಯಾಂತ್ರಿಕ ಚಲನೆಯಾಗಿ ಪರಿವರ್ತಿಸುವ ಸಾಧನ.
* ಕಾಂತೀಯ ಅಭಿವಾಹ: ಒಂದು ಮೇಲ್ಮೈಯ ಮೂಲಕ ಹಾದುಹೋಗುವ ಕಾಂತಕ್ಷೇತ್ರದ ಒಟ್ಟು ಮೊತ್ತ. ಇದಕ್ಕೆ ಫ್ಲಕ್ಸ್ ಎಂಬ ಹೆಸರೂ ರೂಢಿಯಲ್ಲಿದೆ.
* ಅಭಿವಾಹ ಸಾಂದ್ರತೆ: ಏಕಮಾನ ವಿಸ್ತೀರ್ಣದ ಮೂಲಕ ಹಾದುಹೋಗುವ ಅಭಿವಾಹ. ಇದರ ಏಕಮಾನ ಟೆಸ್ಲಾ.
* ಆಂಪಿಯರ್-ಸುತ್ತು: ಸುರುಳಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಮತ್ತು ಸುತ್ತುಗಳ ಸಂಖ್ಯೆ ಇವೆರಡರ ಗುಣಲಬ್ಧ.
* ಪರ್ಮಿಯಬಿಲಿಟಿ: ಒಂದು ವಸ್ತು ತನ್ನ ಮೂಲಕ ಅಭಿವಾಹಕ್ಕೆ ಎಷ್ಟು ಸುಲಭವಾಗಿ ದಾರಿ ಕೊಡುತ್ತದೆ ಎಂಬುದರ ಅಳತೆ. ನಿರ್ವಾತದ ಪರ್ಮಿಯಬಿಲಿಟಿಯ ಬೆಲೆ ಸುಮಾರು 1.257 × 10⁻⁶. ಗಾಳಿಯದೂ ತಾಮ್ರದ್ದೂ ಹೆಚ್ಚುಕಡಿಮೆ ಇಷ್ಟೇ. ಮೃದು ಕಬ್ಬಿಣದ್ದು ಇದರ ಸಾವಿರಾರು ಪಟ್ಟು ಇರಬಲ್ಲದು.
* ಸಂತೃಪ್ತಿ: ಅಭಿವಾಹ ಸಾಂದ್ರತೆ ಒಂದು ಮಟ್ಟವನ್ನು ತಲುಪಿದ ಮೇಲೆ ಕಬ್ಬಿಣದಲ್ಲಿ ಅದು ಸುಲಭವಾಗಿ ಏರದ ಸ್ಥಿತಿ.
* ಜಾಲ: ವಿಶ್ಲೇಷಣೆಗಾಗಿ ತುಂಡುಗಳಾಗಿ ವಿಭಾಗಿಸಿದ ಪ್ರದೇಶ. ಇದಕ್ಕೆ ಮೆಶ್ ಎಂದೂ, ತುಂಡುಗಳು ಕೂಡುವ ಬಿಂದುಗಳಿಗೆ ನೋಡ್ ಎಂದೂ ಹೆಸರು.

## ಆಕ್ಚುಯೇಟರ್‌ಗಳ ಬಗೆಗಳು

ವಿದ್ಯುತ್ಕಾಂತೀಯ ಆಕ್ಚುಯೇಟರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಮೊದಲನೆಯದು ಕಬ್ಬಿಣವನ್ನು ಸೆಳೆಯುವ ಬಗೆ. ಸೊಲೆನಾಯ್ಡ್ ಮತ್ತು ರಿಲೇ ಈ ವರ್ಗಕ್ಕೆ ಸೇರುತ್ತವೆ. ತಾಮ್ರದ ಸುರುಳಿ, ಅದನ್ನು ಸುತ್ತುವರಿದ ಕಬ್ಬಿಣದ ಕವಚ, ಒಂದು ಸ್ಥಿರ ಕಂಬ ಮತ್ತು ಪ್ಲಂಜರ್ ಎಂಬ ಚಲಿಸುವ ಕಬ್ಬಿಣದ ದಂಡ ಇದರ ಭಾಗಗಳು. ಸುರುಳಿಯಲ್ಲಿ ಪ್ರವಾಹ ಹರಿದಾಗ ಸ್ಥಿರ ಕಂಬಕ್ಕೂ ಪ್ಲಂಜರ್‌ಗೂ ನಡುವಿನ ಗಾಳಿಯ ಅಂತರದಲ್ಲಿ ಕಾಂತಕ್ಷೇತ್ರ ಉಂಟಾಗಿ, ಆ ಅಂತರ ಮುಚ್ಚುವಂತೆ ಪ್ಲಂಜರ್ ಸೆಳೆಯಲ್ಪಡುತ್ತದೆ. ಕಬ್ಬಿಣ ಸಂತೃಪ್ತವಾಗದಿರುವವರೆಗೆ ಬಲವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹದ ದಿಕ್ಕನ್ನು ಬದಲಿಸಿದರೂ ಸೆಳೆತ ಸೆಳೆತವಾಗಿಯೇ ಉಳಿಯುತ್ತದೆ. ಹೀಗಾಗಿ ಪ್ಲಂಜರ್ ಅನ್ನು ಹಿಂದಕ್ಕೆ ತರಲು ಸ್ಪ್ರಿಂಗ್ ಬೇಕಾಗುತ್ತದೆ.

ಎರಡನೆಯದು ಸುರುಳಿಯೇ ಚಲಿಸುವ ಬಗೆ. ಶಾಶ್ವತ ಕಾಂತದ ಕ್ಷೇತ್ರದಲ್ಲಿರುವ ಸುರುಳಿಯ ಮೇಲೆ ಪ್ರವಾಹಕ್ಕೆ ನೇರ ಅನುಪಾತದಲ್ಲಿ ಬಲ ಬೀಳುತ್ತದೆ. ಪ್ರವಾಹದ ದಿಕ್ಕು ಬದಲಾದರೆ ಬಲದ ದಿಕ್ಕೂ ಬದಲಾಗುತ್ತದೆ. ಧ್ವನಿವರ್ಧಕದ ಸುರುಳಿಯೂ ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆಯನ್ನು ಸರಿಸುವ ಭಾಗವೂ ಈ ಬಗೆಯವು.

ಕಲಿಕೆಗೆ ಮೊದಲ ಬಗೆಯ ಸೊಲೆನಾಯ್ಡ್ ಹೆಚ್ಚು ಅನುಕೂಲ. ಅದರ ಆಕಾರ ಸರಳ. ಸಾಮಾನ್ಯವಾಗಿ ಅದು ಒಂದು ಅಕ್ಷದ ಸುತ್ತ ಸಮಮಿತವಾಗಿರುವುದರಿಂದ ಎರಡು ಆಯಾಮಗಳ ಚಿತ್ರವೇ ಸಾಕಾಗುತ್ತದೆ. ಈ ಲೇಖನದ ಮುಂದಿನ ಭಾಗ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ.

## ಇತಿಹಾಸ

1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ ಅವರು ವಿದ್ಯುತ್ ಪ್ರವಾಹ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಸರಿಯುವುದನ್ನು ಪ್ರಕಟಪಡಿಸಿದರು. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಅವರು ಕುದುರೆಲಾಳದ ಆಕಾರದ ಕಬ್ಬಿಣಕ್ಕೆ ತಂತಿ ಸುತ್ತಿ ತಯಾರಿಸಿದ ವಿದ್ಯುತ್ಕಾಂತವನ್ನು ಪ್ರದರ್ಶಿಸಿದರು. ಅಮೆರಿಕದ ಜೋಸೆಫ್ ಹೆನ್ರಿ ಅವರು ಅವಾಹಕ ಹೊದಿಕೆಯುಳ್ಳ ತಂತಿಯನ್ನು ಅನೇಕ ಸುತ್ತು ಸುತ್ತಿ ಇನ್ನೂ ಬಲವಾದ ವಿದ್ಯುತ್ಕಾಂತಗಳನ್ನು ರಚಿಸಿದರು. ವಿದ್ಯುತ್ತು ಮತ್ತು ಕಾಂತತ್ವಗಳನ್ನು ಒಂದುಗೂಡಿಸುವ ಸಮೀಕರಣಗಳನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರು 1860ರ ದಶಕದಲ್ಲಿ ರೂಪಿಸಿದರು.

ಸಮೀಕರಣಗಳು ತಿಳಿದಿದ್ದರೂ ನೈಜ ಯಂತ್ರದ ಅಂಕುಡೊಂಕಾದ ಆಕಾರಕ್ಕೆ ಅವನ್ನು ಬಿಡಿಸುವುದು ದುಸ್ತರವಾಗಿತ್ತು. 1943ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಗಣಿತಜ್ಞ ರಿಚರ್ಡ್ ಕೂರಾಂಟ್ ಅವರು ಪ್ರದೇಶವನ್ನು ತ್ರಿಕೋನಗಳಾಗಿ ವಿಭಾಗಿಸಿ, ಪ್ರತಿ ತ್ರಿಕೋನದಲ್ಲಿ ಸರಳ ರೇಖೀಯ ಉತ್ತರವನ್ನು ಕಲ್ಪಿಸುವ ಮಾರ್ಗವನ್ನು ತೋರಿಸಿದರು. 1950ರ ದಶಕದಲ್ಲಿ ವಿಮಾನದ ರೆಕ್ಕೆಯಂತಹ ರಚನೆಗಳ ಬಲಾಬಲವನ್ನು ಅರಿಯುವ ಸಲುವಾಗಿ ಎಂಜಿನಿಯರ್‌ಗಳು ಇಂತಹುದೇ ಮಾರ್ಗವನ್ನು ಬೆಳೆಸಿದರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಅವರ ಪ್ರಬಂಧ ಪ್ರಕಟವಾಯಿತು. 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು 1960ರಲ್ಲಿ ಬಳಕೆಗೆ ತಂದವರು ಇವರಲ್ಲೊಬ್ಬರಾದ ರೇ ಕ್ಲಫ್.

ಸೇತುವೆ ಮತ್ತು ವಿಮಾನಗಳಿಗಾಗಿ ಬೆಳೆದ ಈ ವಿಧಾನವನ್ನು ವಿದ್ಯುತ್ಕಾಂತೀಯ ಸಮಸ್ಯೆಗಳಿಗೆ ಅನ್ವಯಿಸಿದವರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪೀಟರ್ ಸಿಲ್ವೆಸ್ಟರ್ ಪ್ರಮುಖರು. ಅವರೂ ಎಂ. ವಿ. ಕೆ. ಚಾರಿ ಅವರೂ ಸೇರಿ 1970ರಲ್ಲಿ ಪ್ರಕಟಿಸಿದ ಪ್ರಬಂಧವು ಸಂತೃಪ್ತವಾಗಬಲ್ಲ ಕಬ್ಬಿಣವುಳ್ಳ ಕಾಂತಕ್ಷೇತ್ರಗಳನ್ನು ಈ ವಿಧಾನದಿಂದ ಬಿಡಿಸಿ ತೋರಿಸಿತು. ಇಂದಿನ ಸೊಲೆನಾಯ್ಡ್ ವಿಶ್ಲೇಷಣೆಯ ಮೂಲವನ್ನು ಅಲ್ಲಿ ಕಾಣಬಹುದು.

## ವಿಧಾನದ ತತ್ವ

ವೃತ್ತದ ಪರಿಧಿಯನ್ನು ಸರಳರೇಖೆಗಳಿಂದ ಅಳೆಯುವುದು ಈ ತತ್ವಕ್ಕೆ ಹಳೆಯ ಹೋಲಿಕೆ. ವೃತ್ತದೊಳಗೆ ಆರು ಬಾಹುಗಳ ಬಹುಭುಜವನ್ನು ರಚಿಸಿದರೆ ಅದರ ಸುತ್ತಳತೆ ವ್ಯಾಸದ ಮೂರರಷ್ಟಾಗುತ್ತದೆ. ಬಾಹುಗಳನ್ನು ಹೆಚ್ಚಿಸಿದಂತೆ ಈ ಸಂಖ್ಯೆ ನಿಜವಾದ ಬೆಲೆಗೆ ಹತ್ತಿರವಾಗುತ್ತದೆ. ಆರ್ಕಿಮಿಡೀಸ್ 96 ಬಾಹುಗಳವರೆಗೆ ಹೋಗಿ ಪೈ ಸಂಖ್ಯೆಯು 223/71 ಮತ್ತು 22/7ರ ನಡುವೆ ಇದೆಯೆಂದು ತೋರಿಸಿದನು. ವಕ್ರವಾದುದನ್ನು ಸರಳವಾದ ಅನೇಕ ತುಂಡುಗಳಿಂದ ಸಮೀಪಿಸುವುದು, ತುಂಡುಗಳನ್ನು ಕಿರಿದುಮಾಡಿ ಉತ್ತರ ಎಲ್ಲಿ ನೆಲೆಗೊಳ್ಳುತ್ತದೆ ಎಂದು ನೋಡುವುದು, ಇವೆರಡೂ ಫೈನೈಟ್ ಎಲಿಮೆಂಟ್ ವಿಧಾನದ ಜೀವಾಳ.

ಕಾಂತಕ್ಷೇತ್ರದ ಸಮಸ್ಯೆಯಲ್ಲಿ ಸಾಮಾನ್ಯವಾಗಿ ಸದಿಶ ವಿಭವ ಎಂಬ ಪರಿಮಾಣವನ್ನು ಅಜ್ಞಾತವೆಂದು ಇಟ್ಟುಕೊಳ್ಳಲಾಗುತ್ತದೆ. ಇದು ಒಂದೆಡೆಯಿಂದ ಇನ್ನೊಂದೆಡೆಗೆ ಬದಲಾಗುವ ರೀತಿಯಿಂದ ಅಭಿವಾಹ ಸಾಂದ್ರತೆ ದೊರೆಯುತ್ತದೆ. ಅಕ್ಷದ ಸುತ್ತ ಸಮಮಿತವಾದ ಸೊಲೆನಾಯ್ಡ್‌ನಲ್ಲಿ ಈ ವಿಭವಕ್ಕೆ ಒಂದೇ ಘಟಕವಿರುವುದರಿಂದ ಪ್ರತಿ ನೋಡ್‌ಗೆ ಒಂದೇ ಅಜ್ಞಾತ ಸಂಖ್ಯೆ ಸಾಕು. ತ್ರಿಕೋನದ ಮೂರು ಮೂಲೆಗಳ ಬೆಲೆಗಳು ಗೊತ್ತಾದರೆ ಅದರ ಒಳಗಿನ ಬೆಲೆಯನ್ನು ಸರಳ ಸೂತ್ರದಿಂದ ಅಂದಾಜು ಮಾಡಲಾಗುತ್ತದೆ.

ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಹೀಗೆ ತುಂಡುತುಂಡಾಗಿ ಅನ್ವಯಿಸಿದಾಗ ಒಂದು ನೋಡ್‌ನ ಬೆಲೆ ಅದರ ನೆರೆಯ ನೋಡ್‌ಗಳ ಬೆಲೆಗಳನ್ನು ಮಾತ್ರ ಅವಲಂಬಿಸುವ ಬೀಜಗಣಿತದ ಸಮೀಕರಣ ಹುಟ್ಟುತ್ತದೆ. ಹತ್ತು ಸಾವಿರ ನೋಡ್‌ಗಳಿದ್ದರೆ ಹತ್ತು ಸಾವಿರ ಸಮೀಕರಣಗಳು. ತ್ರಿಕೋನಗಳ ಜಾಲದಲ್ಲಿ ಒಂದು ನೋಡ್‌ಗೆ ಸರಾಸರಿ ಆರು ನೆರೆಯವರಿರುವುದರಿಂದ ಪ್ರತಿ ಸಮೀಕರಣದಲ್ಲಿ ಏಳೆಂಟು ಪದಗಳಷ್ಟೇ ಇರುತ್ತವೆ. ಆದ್ದರಿಂದ ಇವನ್ನು ಸಾಧಾರಣ ಗಣಕಯಂತ್ರವೂ ಕೆಲವೇ ಸೆಕೆಂಡುಗಳಲ್ಲಿ ಬಿಡಿಸಬಲ್ಲದು.

ಕಬ್ಬಿಣದ ಪರ್ಮಿಯಬಿಲಿಟಿ ಒಂದೇ ಸಂಖ್ಯೆಯಾಗಿ ನಿಲ್ಲುವುದಿಲ್ಲ. ಅದು ಅಭಿವಾಹ ಸಾಂದ್ರತೆಯೊಂದಿಗೆ ಬದಲಾಗುತ್ತದೆ. ಈ ಸಂಬಂಧವನ್ನು ಬಿ-ಎಚ್ ವಕ್ರರೇಖೆ ಸೂಚಿಸುತ್ತದೆ. ತಂತ್ರಾಂಶವು ಮೊದಲು ಒಂದು ಬೆಲೆಯನ್ನು ಊಹಿಸಿ ಕ್ಷೇತ್ರವನ್ನು ಲೆಕ್ಕ ಹಾಕುತ್ತದೆ. ದೊರೆತ ಕ್ಷೇತ್ರಕ್ಕೆ ತಕ್ಕಂತೆ ಬೆಲೆಯನ್ನು ತಿದ್ದಿ ಮತ್ತೆ ಲೆಕ್ಕ ಹಾಕುತ್ತದೆ. ಎರಡು ಸುತ್ತುಗಳ ಉತ್ತರಗಳ ವ್ಯತ್ಯಾಸ ನಗಣ್ಯವಾಗುವವರೆಗೆ ಈ ಕ್ರಮ ಮುಂದುವರಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ನ್ಯೂಟನ್-ರಾಫ್ಸನ್ ವಿಧಾನವನ್ನು ಬಳಸುತ್ತಾರೆ.

## ಉದಾಹರಣೆ: ಮೊದಲು ಕೈಲೆಕ್ಕ

ಮಾದರಿಯನ್ನು ಗಣಕಯಂತ್ರದಲ್ಲಿ ರಚಿಸುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಎಂದು ಕಾಗದದ ಮೇಲೆ ತಿಳಿದುಕೊಳ್ಳುವುದು ಒಳ್ಳೆಯ ಪದ್ಧತಿ. ಕೆಳಗಿನ ಸೊಲೆನಾಯ್ಡ್ ಅನ್ನು ಪರಿಗಣಿಸಬಹುದು.

* ಪ್ಲಂಜರ್‌ನ ವ್ಯಾಸ 20 ಮಿ.ಮೀ., ಅದರ ತುದಿ ಚಪ್ಪಟೆ, ತುದಿಯ ವಿಸ್ತೀರ್ಣ ಸುಮಾರು 314 ಚದರ ಮಿ.ಮೀ.
* ಸುರುಳಿಯಲ್ಲಿ 0.5 ಮಿ.ಮೀ. ವ್ಯಾಸದ ತಾಮ್ರದ ತಂತಿಯ 1000 ಸುತ್ತುಗಳು, ಪ್ರವಾಹ 1 ಆಂಪಿಯರ್.
* ಸುರುಳಿಯ ಒಳ ತ್ರಿಜ್ಯ 12 ಮಿ.ಮೀ., ಹೊರ ತ್ರಿಜ್ಯ 22 ಮಿ.ಮೀ., ಉದ್ದ 40 ಮಿ.ಮೀ.
* ಕವಚದ ಗೋಡೆಯ ದಪ್ಪ 3 ಮಿ.ಮೀ., ಹಿಂದಿನ ತಟ್ಟೆ 6 ಮಿ.ಮೀ., ಪ್ಲಂಜರ್ ಹಾದುಹೋಗುವ ಮುಂದಿನ ತಟ್ಟೆ 10 ಮಿ.ಮೀ.
* ಸ್ಥಿರ ಕಂಬಕ್ಕೂ ಪ್ಲಂಜರ್‌ಗೂ ನಡುವಿನ ಅಂತರ 2 ಮಿ.ಮೀ., ಪ್ಲಂಜರ್‌ಗೂ ಮುಂದಿನ ತಟ್ಟೆಗೂ ನಡುವಿನ ಪಕ್ಕದ ಅಂತರ 0.2 ಮಿ.ಮೀ.

ಕಬ್ಬಿಣವು ಅಭಿವಾಹಕ್ಕೆ ಸಲೀಸಾಗಿ ದಾರಿ ಕೊಡುವುದರಿಂದ ಆಂಪಿಯರ್-ಸುತ್ತುಗಳೆಲ್ಲ ಗಾಳಿಯ ಅಂತರವನ್ನು ದಾಟಿಸುವುದಕ್ಕೇ ವಿನಿಯೋಗವಾಗುತ್ತವೆ ಎಂದು ಭಾವಿಸಿದರೆ ಎರಡು ಸೂತ್ರಗಳು ಸಾಕು.

ಅಭಿವಾಹ ಸಾಂದ್ರತೆ = ನಿರ್ವಾತದ ಪರ್ಮಿಯಬಿಲಿಟಿ × ಆಂಪಿಯರ್-ಸುತ್ತು ÷ ಅಂತರ

ಬಲ = (ಅಭಿವಾಹ ಸಾಂದ್ರತೆ)² × ವಿಸ್ತೀರ್ಣ ÷ (2 × ನಿರ್ವಾತದ ಪರ್ಮಿಯಬಿಲಿಟಿ)

ಉದ್ದಗಳನ್ನು ಮೀಟರಿಗೂ ವಿಸ್ತೀರ್ಣವನ್ನು ಚದರ ಮೀಟರಿಗೂ ಪರಿವರ್ತಿಸಿ ಈ ಸೂತ್ರಗಳಲ್ಲಿ ಹಾಕಿದಾಗ ಬೇರೆ ಬೇರೆ ಅಂತರಗಳಿಗೆ ಬರುವ ಉತ್ತರಗಳು ಹೀಗಿವೆ.

* ಅಂತರ 4 ಮಿ.ಮೀ.: 0.31 ಟೆಸ್ಲಾ, 12 ನ್ಯೂಟನ್
* ಅಂತರ 2 ಮಿ.ಮೀ.: 0.63 ಟೆಸ್ಲಾ, 49 ನ್ಯೂಟನ್
* ಅಂತರ 1 ಮಿ.ಮೀ.: 1.26 ಟೆಸ್ಲಾ, 197 ನ್ಯೂಟನ್
* ಅಂತರ 0.5 ಮಿ.ಮೀ.: 2.51 ಟೆಸ್ಲಾ, 790 ನ್ಯೂಟನ್

2 ಮಿ.ಮೀ. ಅಂತರದಲ್ಲಿ ದೊರೆಯುವ 49 ನ್ಯೂಟನ್ ಬಲವು ಸುಮಾರು 5 ಕಿಲೋಗ್ರಾಂ ತೂಕಕ್ಕೆ ಸಮ. ಅಂತರ ಅರ್ಧಕ್ಕಿಳಿದಂತೆ ಬಲ ನಾಲ್ಕು ಪಟ್ಟಾಗುವುದನ್ನು ಇಲ್ಲಿ ಗಮನಿಸಬಹುದು.

ಕೊನೆಯ ಸಾಲು ಮಾತ್ರ ನಂಬತಕ್ಕದ್ದಲ್ಲ. ಮೃದು ಕಬ್ಬಿಣದಲ್ಲಿ ಅಭಿವಾಹ ಸಾಂದ್ರತೆ ಸುಮಾರು 1.5 ಟೆಸ್ಲಾ ದಾಟಿದ ಮೇಲೆ ಪ್ರಯಾಸದಿಂದ ಏರುತ್ತದೆ. 2 ಟೆಸ್ಲಾದ ಆಸುಪಾಸಿನಲ್ಲಿ ಅದು ಬಹುಮಟ್ಟಿಗೆ ಸಂತೃಪ್ತವಾಗಿರುತ್ತದೆ. 2 ಟೆಸ್ಲಾ ಎಂದೇ ಹಿಡಿದರೂ ಈ ವಿಸ್ತೀರ್ಣದ ಮೇಲೆ ಬರುವ ಬಲ 500 ನ್ಯೂಟನ್ ಮಾತ್ರ. ಹಾಗಾಗಿ 790 ನ್ಯೂಟನ್ ಎಂಬುದು ಈ ಸೊಲೆನಾಯ್ಡ್‌ನಿಂದ ಸಾಧ್ಯವಿಲ್ಲದ ಸಂಖ್ಯೆ. ಕೈಲೆಕ್ಕ ಎಲ್ಲಿ ಸೋಲುತ್ತದೆಯೋ ಅಲ್ಲಿಯೇ ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ ಅಗತ್ಯ ಎದ್ದು ಕಾಣುತ್ತದೆ.

ಕೈಲೆಕ್ಕ ಬಿಟ್ಟುಬಿಡುವ ಇನ್ನೆರಡು ಸಂಗತಿಗಳಿವೆ. ಪಕ್ಕದ 0.2 ಮಿ.ಮೀ. ಅಂತರವೂ ಆಂಪಿಯರ್-ಸುತ್ತುಗಳಲ್ಲಿ ಪಾಲು ಪಡೆಯುತ್ತದೆ. ಮುಖ್ಯ ಅಂತರ 2 ಮಿ.ಮೀ. ಇರುವಾಗ ಅದರ ತಡೆ ಮುಖ್ಯ ಅಂತರದ ತಡೆಯ ಸುಮಾರು ಶೇಕಡಾ 5ರಷ್ಟು, 0.5 ಮಿ.ಮೀ. ಇರುವಾಗ ಸುಮಾರು ಶೇಕಡಾ 20ರಷ್ಟು. ಇದರಿಂದ ಬಲ ತಗ್ಗುತ್ತದೆ. ಎರಡನೆಯದಾಗಿ, ಅಭಿವಾಹವು ಅಂತರದಲ್ಲಿ ನೆಟ್ಟಗೆ ಹೋಗದೆ ಅಂಚುಗಳಲ್ಲಿ ಹೊರಕ್ಕೆ ಉಬ್ಬಿ ಹರಡುತ್ತದೆ. ಅಂತರ ಹೆಚ್ಚಾದಷ್ಟೂ ಈ ಹರಡುವಿಕೆ ಹೆಚ್ಚು. ಇವೆರಡನ್ನೂ ವಿಶ್ಲೇಷಣೆ ತಾನಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

## ಮಾದರಿ ರಚನೆಯ ಹಂತಗಳು

### ಆಕಾರ

ಅಕ್ಷದ ಸುತ್ತ ಸಮಮಿತವಾದ ಸಾಧನದಲ್ಲಿ ಅಕ್ಷದ ಒಂದು ಬದಿಯ ಅರ್ಧ ಛೇದವನ್ನು ಮಾತ್ರ ಬರೆಯಲಾಗುತ್ತದೆ. ವ್ಯಾಸ ಮತ್ತು ತ್ರಿಜ್ಯಗಳನ್ನು ಅದಲುಬದಲು ಮಾಡುವುದೂ, ಮೀಟರ್ ಮತ್ತು ಮಿಲಿಮೀಟರ್‌ಗಳನ್ನು ಬೆರೆಸುವುದೂ ಈ ಹಂತದಲ್ಲಿ ಆಗುವ ಸಾಮಾನ್ಯ ತಪ್ಪುಗಳು. ಕಾಂತಕ್ಷೇತ್ರದ ಮೇಲೆ ಪರಿಣಾಮ ಬೀರದ ತಿರುಪಿನ ಎಳೆಗಳು, ಸಣ್ಣ ಅಂಚುಗಳು ಮೊದಲಾದವನ್ನು ಬಿಟ್ಟುಬಿಡಬಹುದು. ಗಾಳಿಯ ಅಂತರದ ಬಳಿಯಿರುವ ವಿವರಗಳನ್ನು ಮಾತ್ರ ಬಿಡುವಂತಿಲ್ಲ.

ಸುರುಳಿಯ ಒಂದೊಂದು ತಂತಿಯನ್ನೂ ಬರೆಯುವ ಅಗತ್ಯವಿಲ್ಲ. ತಾಮ್ರವು ಕಾಂತೀಯವಾಗಿ ಗಾಳಿಯಂತೆಯೇ ವರ್ತಿಸುವುದರಿಂದ ಇಡೀ ಸುರುಳಿಯನ್ನು ಒಂದು ಆಯತವಾಗಿ ಬರೆದು ಅದಕ್ಕೆ 1000 ಆಂಪಿಯರ್-ಸುತ್ತುಗಳನ್ನು ನಿಗದಿಪಡಿಸಿದರೆ ಸಾಕು.

### ವಸ್ತುಗಳು

ಕಬ್ಬಿಣದ ಭಾಗಗಳಿಗೆ ಬಿ-ಎಚ್ ವಕ್ರರೇಖೆಯನ್ನು ಕೊಡಬೇಕು. ಒಂದೇ ಸ್ಥಿರ ಪರ್ಮಿಯಬಿಲಿಟಿಯನ್ನು ಕೊಟ್ಟರೆ ತಂತ್ರಾಂಶಕ್ಕೆ ಸಂತೃಪ್ತಿಯ ಅರಿವೇ ಇರುವುದಿಲ್ಲ. ಆಗ ಅದು ಕೈಲೆಕ್ಕದ ಹಾಗೆಯೇ ಅಸಾಧ್ಯವಾದ ಬಲವನ್ನು ತೋರಿಸುತ್ತದೆ. ಒಂದೇ ಹೆಸರಿನ ಉಕ್ಕು ಕೂಡ ಕಾಯಿಸಿ ತಣಿಸಿದ ರೀತಿಗೆ ಅನುಗುಣವಾಗಿ ಬೇರೆ ಬೇರೆ ವಕ್ರರೇಖೆಗಳನ್ನು ಕೊಡುವುದರಿಂದ, ತಂತ್ರಾಂಶದ ಭಂಡಾರದಲ್ಲಿರುವ ವಕ್ರರೇಖೆಯೇ ಕಾರ್ಖಾನೆಗೆ ಬರುವ ಉಕ್ಕಿನದೆಂದು ಭಾವಿಸಲಾಗದು.

### ಗಡಿ

ಕಾಂತಕ್ಷೇತ್ರ ಅನಂತ ದೂರದವರೆಗೆ ಹರಡುತ್ತದೆ, ಮಾದರಿ ಹಾಗೆ ಹರಡಲಾರದು. ಆದ್ದರಿಂದ ಸಾಧನದ ಸುತ್ತ ಗಾಳಿಯ ಪ್ರದೇಶವೊಂದನ್ನು ಬರೆದು ಅದರ ಹೊರ ಅಂಚಿನಲ್ಲಿ ವಿಭವ ಸೊನ್ನೆ ಎಂದು ನಿಬಂಧಿಸಲಾಗುತ್ತದೆ. ಕೇಂದ್ರದಿಂದ ಸಾಧನದ ಅತಿ ದೂರದ ಬಿಂದು ಎಷ್ಟಿದೆಯೋ ಅದರ ಐದು ಪಟ್ಟು ದೂರದಲ್ಲಿ ಗಡಿ ಇರಬೇಕೆಂಬುದು ರೂಢಿಯ ನಿಯಮ. ಮೇಲಿನ ಸೊಲೆನಾಯ್ಡ್‌ಗೆ ಇದು ಸುಮಾರು 200 ಮಿ.ಮೀ. ತ್ರಿಜ್ಯದ ಗಾಳಿಯಾಗುತ್ತದೆ. ಗಡಿ ತೀರ ಹತ್ತಿರವಿದ್ದರೆ ಹೊರಗೆ ಹರಡಬೇಕಾದ ಅಭಿವಾಹ ಬಲವಂತವಾಗಿ ಒಳಗೇ ಮಡಚಿಕೊಂಡು ಉತ್ತರ ಕೆಡುತ್ತದೆ.

### ಜಾಲ

ಜಾಲ ಎಲ್ಲೆಡೆಯೂ ಒಂದೇ ಸಮನಾಗಿರಬೇಕಾಗಿಲ್ಲ. ಕ್ಷೇತ್ರ ಬೇಗನೆ ಬದಲಾಗುವ ಗಾಳಿಯ ಅಂತರದಲ್ಲಿಯೂ ಪ್ಲಂಜರ್‌ನ ಮೂಲೆಗಳಲ್ಲಿಯೂ ತುಂಡುಗಳು ಸಣ್ಣದಾಗಿರಬೇಕು. ದೂರದ ಗಾಳಿಯಲ್ಲಿ ಅವು ದೊಡ್ಡದಾಗಿದ್ದರೂ ಬಾಧಕವಿಲ್ಲ. 2 ಮಿ.ಮೀ. ಅಂತರದಲ್ಲಿ 0.25 ಮಿ.ಮೀ. ಅಳತೆಯ ತ್ರಿಕೋನಗಳನ್ನು ಇಟ್ಟರೆ ಎಂಟು ಪದರಗಳು ದೊರೆತು ಆರಂಭಕ್ಕೆ ಸಾಕಾಗುತ್ತವೆ. ಇಡೀ ಅಂತರಕ್ಕೆ ಒಂದೇ ಪದರವಿದ್ದರೆ ಬಲದ ಲೆಕ್ಕವನ್ನು ನೆಚ್ಚಲಾಗದು. ತುಂಡಿನ ಅಳತೆಯನ್ನು ಅರ್ಧಕ್ಕಿಳಿಸಿದರೆ ಎರಡು ಆಯಾಮಗಳಲ್ಲಿ ತುಂಡುಗಳ ಸಂಖ್ಯೆ ನಾಲ್ಕು ಪಟ್ಟು, ಮೂರು ಆಯಾಮಗಳಲ್ಲಿ ಎಂಟು ಪಟ್ಟು ಆಗುತ್ತದೆ. ಸಾಧ್ಯವಾದಲ್ಲೆಲ್ಲ ಸಮಮಿತಿಯನ್ನು ಬಳಸಿಕೊಂಡು ಎರಡು ಆಯಾಮಗಳಲ್ಲೇ ಕೆಲಸ ಮುಗಿಸಲು ಇದೇ ಕಾರಣ.

## ಬಲದ ಲೆಕ್ಕ

ಕ್ಷೇತ್ರ ತಿಳಿದ ಮೇಲೆ ಬಲವನ್ನು ಎರಡು ಮಾರ್ಗಗಳಲ್ಲಿ ಪಡೆಯಬಹುದು.

ಮ್ಯಾಕ್ಸ್‌ವೆಲ್ ಪೀಡನ ವಿಧಾನದಲ್ಲಿ ಪ್ಲಂಜರ್ ಅನ್ನು ಪೂರ್ತಿಯಾಗಿ ಸುತ್ತುವರಿಯುವ ಒಂದು ಮೇಲ್ಮೈಯನ್ನು ಗಾಳಿಯಲ್ಲಿ ಕಲ್ಪಿಸಿಕೊಂಡು, ಅದರ ಮೇಲಿನ ಕ್ಷೇತ್ರದಿಂದ ಬಲವನ್ನು ಕೂಡಿಸಲಾಗುತ್ತದೆ. ಒಂದು ತುಂಡಿನಿಂದ ಪಕ್ಕದ ತುಂಡಿಗೆ ಅಭಿವಾಹ ಸಾಂದ್ರತೆ ಹಠಾತ್ತನೆ ಬದಲಾಗುವುದರಿಂದ ಒಂದೇ ಗೆರೆಯ ಮೇಲೆ ಕೂಡಿಸಿದ ಉತ್ತರ ಏರುಪೇರಾಗುತ್ತದೆ. ಇದನ್ನು ತಪ್ಪಿಸಲು ಹಲವು ತಂತ್ರಾಂಶಗಳು ತುಂಡುಗಳ ಒಂದು ಪಟ್ಟಿಯ ಉದ್ದಕ್ಕೂ ತೂಕದ ಸರಾಸರಿಯನ್ನು ತೆಗೆದುಕೊಳ್ಳುತ್ತವೆ. ಪ್ಲಂಜರ್ ಸ್ಥಿರ ಕಂಬಕ್ಕೆ ತಾಗಿದಂತೆ ಬರೆದರೆ ನಡುವೆ ಗಾಳಿಯೇ ಇಲ್ಲದೆ ಈ ವಿಧಾನ ಕೆಲಸ ಮಾಡುವುದಿಲ್ಲ. ಆದ್ದರಿಂದ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿಯೂ 0.05 ಮಿ.ಮೀ.ನಷ್ಟು ಸಣ್ಣ ಅಂತರವನ್ನು ಉಳಿಸಲಾಗುತ್ತದೆ. ಮೇಲ್ಮೈಯ ಒರಟುತನ ಮತ್ತು ಲೇಪನಗಳಿಂದಾಗಿ ನಿಜವಾದ ಸಾಧನದಲ್ಲಿಯೂ ಅಂತರ ಪೂರ್ತಿ ಸೊನ್ನೆಯಾಗುವುದಿಲ್ಲ.

ಕಲ್ಪಿತ ಕಾರ್ಯದ ವಿಧಾನದಲ್ಲಿ ಪ್ಲಂಜರ್ ಅನ್ನು ತುಸು ಸರಿಸಿ, ಪ್ರವಾಹವನ್ನು ಬದಲಿಸದೆ, ಸಹಶಕ್ತಿ ಎಂಬ ಪರಿಮಾಣ ಎಷ್ಟು ಬದಲಾಯಿತು ಎಂದು ನೋಡಲಾಗುತ್ತದೆ. ಬದಲಾವಣೆಯನ್ನು ಸರಿಸಿದ ದೂರದಿಂದ ಭಾಗಿಸಿದರೆ ಬಲ ಸಿಗುತ್ತದೆ. ಮುಖ್ಯ ಅಂತರವನ್ನು ಮಾತ್ರ ಗಣಿಸಿದರೆ ಉದಾಹರಣೆಯ ಸೊಲೆನಾಯ್ಡ್‌ನಲ್ಲಿ ಅಂತರ 2.0 ಮಿ.ಮೀ. ಇರುವಾಗ ಸಹಶಕ್ತಿ 0.0987 ಜೂಲ್, 1.9 ಮಿ.ಮೀ. ಇರುವಾಗ 0.1039 ಜೂಲ್. ವ್ಯತ್ಯಾಸ 0.0052 ಜೂಲ್, ಅದನ್ನು 0.0001 ಮೀಟರ್‌ನಿಂದ ಭಾಗಿಸಿದರೆ 52 ನ್ಯೂಟನ್. ಇದು ನಡುವಿನ 1.95 ಮಿ.ಮೀ. ಅಂತರಕ್ಕೆ ಸಲ್ಲುವ ಬಲವಾಗಿದ್ದು ಸೂತ್ರದ ಉತ್ತರದೊಂದಿಗೆ ತಾಳೆಯಾಗುತ್ತದೆ. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆಯಬೇಕಾಗುವುದರಿಂದ ಸರಿಸುವ ದೂರ ತೀರ ಸಣ್ಣದಾದರೆ ಲೆಕ್ಕದ ನಿಖರತೆ ಹಾಳಾಗುವುದು ಈ ವಿಧಾನದ ದೋಷ.

## ಉತ್ತರದ ಪರೀಕ್ಷೆ

ದೊರೆತ ಉತ್ತರವನ್ನು ಸ್ವೀಕರಿಸುವ ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಮಾಡಬಹುದು.

1. ಕೈಲೆಕ್ಕದೊಂದಿಗೆ ಹೋಲಿಕೆ. ಸಂತೃಪ್ತಿ ಇಲ್ಲದ ಸ್ಥಿತಿಯಲ್ಲಿ ಎರಡರ ಉತ್ತರಗಳು ಒಂದೇ ಆಸುಪಾಸಿನಲ್ಲಿರಬೇಕು. ಹತ್ತು ಪಟ್ಟು ವ್ಯತ್ಯಾಸ ಕಂಡರೆ ಅಳತೆಯ ಏಕಮಾನ, ಸುತ್ತುಗಳ ಸಂಖ್ಯೆ ಅಥವಾ ವಸ್ತುವಿನ ಆಯ್ಕೆಯಲ್ಲಿ ತಪ್ಪಿರುವ ಸಂಭವ ಹೆಚ್ಚು.
2. ಜಾಲದ ಪರೀಕ್ಷೆ. ತುಂಡುಗಳ ಅಳತೆಯನ್ನು ಅರ್ಧ ಮಾಡಿ ಮತ್ತೆ ಬಿಡಿಸಬೇಕು. ಬಲದಲ್ಲಿ ಶೇಕಡಾ ಒಂದೆರಡಕ್ಕಿಂತ ಹೆಚ್ಚು ಬದಲಾವಣೆ ಕಂಡರೆ ಜಾಲ ಇನ್ನೂ ಒರಟಾಗಿದೆ ಎಂದು ತಿಳಿಯಬೇಕು.
3. ಗಡಿಯ ಪರೀಕ್ಷೆ. ಗಾಳಿಯ ಪ್ರದೇಶವನ್ನು ಹಿಗ್ಗಿಸಿದರೆ ಉತ್ತರ ಬದಲಾಗಬಾರದು.
4. ಪ್ರವಾಹದ ಪರೀಕ್ಷೆ. ಕಬ್ಬಿಣ ಸಂತೃಪ್ತವಾಗದ ಸ್ಥಿತಿಯಲ್ಲಿ ಪ್ರವಾಹವನ್ನು ಇಮ್ಮಡಿಸಿದರೆ ಬಲ ನಾಲ್ಕು ಪಟ್ಟಾಗಬೇಕು.
5. ಕ್ರಿಯೆ-ಪ್ರತಿಕ್ರಿಯೆಯ ಪರೀಕ್ಷೆ. ಪ್ಲಂಜರ್ ಮೇಲಿನ ಬಲವೂ, ಸುರುಳಿ ಸೇರಿದಂತೆ ಉಳಿದೆಲ್ಲ ಸ್ಥಿರ ಭಾಗಗಳ ಮೇಲಿನ ಬಲವೂ ಸಮವಾಗಿ ವಿರುದ್ಧ ದಿಕ್ಕಿನಲ್ಲಿರಬೇಕು. ನ್ಯೂಟನ್ನನ ಮೂರನೆಯ ನಿಯಮವನ್ನು ಮೀರುವ ಉತ್ತರ ಎಷ್ಟೇ ಸುಂದರವಾಗಿ ಕಂಡರೂ ತಪ್ಪೇ.
6. ಚಿತ್ರದ ಪರಿಶೀಲನೆ. ಅಭಿವಾಹದ ಗೆರೆಗಳು ಮುಚ್ಚಿದ ಕುಣಿಕೆಗಳಾಗಿರಬೇಕು. ಅವು ಎಲ್ಲಿ ಒತ್ತೊತ್ತಾಗಿವೆಯೋ ಅಲ್ಲಿ ಕಬ್ಬಿಣ ಸಂತೃಪ್ತವಾಗುತ್ತಿದೆಯೇ ಎಂದು ನೋಡಬೇಕು.

ಕೊನೆಯ ಪರೀಕ್ಷೆಯಿಂದ ವಿನ್ಯಾಸದ ದೋಷಗಳೂ ಬಯಲಾಗುತ್ತವೆ. ಉದಾಹರಣೆಗೆ, ಹಿಂದಿನ ತಟ್ಟೆಯಲ್ಲಿ ಅಭಿವಾಹ ಕೇಂದ್ರದಿಂದ ಅಂಚಿನ ಕಡೆಗೆ ಹರಡುತ್ತದೆ. ಕಂಬದ ಅಂಚಿನಲ್ಲಿ, ಅಂದರೆ 10 ಮಿ.ಮೀ. ತ್ರಿಜ್ಯದಲ್ಲಿ, ಅದಕ್ಕೆ ಸಿಗುವ ದಾರಿಯ ಸುತ್ತಳತೆ ಸುಮಾರು 63 ಮಿ.ಮೀ. ಪ್ಲಂಜರ್‌ನಷ್ಟೇ ವಿಸ್ತೀರ್ಣ ಸಿಗಬೇಕಾದರೆ ತಟ್ಟೆಯ ದಪ್ಪ ಕನಿಷ್ಠ 5 ಮಿ.ಮೀ. ಇರಬೇಕು. ಹೊರಗೋಡೆಯ ಸುತ್ತಳತೆ ದೊಡ್ಡದಾದ್ದರಿಂದ ಅಲ್ಲಿ 2.2 ಮಿ.ಮೀ. ದಪ್ಪವೇ ಸಾಕಾಗುತ್ತದೆ. ಗೋಡೆಯಂತೆಯೇ ತಟ್ಟೆಯನ್ನೂ 3 ಮಿ.ಮೀ. ಮಾಡಿದರೆ ಇಡೀ ಸೊಲೆನಾಯ್ಡ್‌ನ ಬಲಕ್ಕೆ ಅದೊಂದೇ ಜಾಗ ಮಿತಿ ಹಾಕುತ್ತದೆ.

ವಿಶ್ಲೇಷಣೆಯ ವಿಧಾನಗಳನ್ನೇ ಪರೀಕ್ಷಿಸುವ ಸಲುವಾಗಿ ಅಂತಾರಾಷ್ಟ್ರೀಯ ಮಟ್ಟದಲ್ಲಿ 'ಟೀಮ್' ಎಂಬ ಮಾದರಿ ಸಮಸ್ಯೆಗಳ ಸರಣಿಯಿದೆ. ಇವುಗಳಲ್ಲಿ 20ನೆಯ ಸಮಸ್ಯೆ ಉಕ್ಕಿನ ಕಂಬವೊಂದರ ಮೇಲಿನ ಸ್ಥಿರ ಬಲವನ್ನು ಮೂರು ಆಯಾಮಗಳಲ್ಲಿ ಕಂಡುಹಿಡಿಯುವುದಾಗಿದ್ದು, ಪ್ರಯೋಗದಲ್ಲಿ ಅಳೆದ ಬೆಲೆಗಳೊಂದಿಗೆ ಹೋಲಿಸಲು ಅವಕಾಶ ಕೊಡುತ್ತದೆ.

## ಉಷ್ಣ ಮತ್ತು ಕಾಲ

ಉದಾಹರಣೆಯ ಸುರುಳಿಯ ತಂತಿಯ ಉದ್ದ ಸುಮಾರು 107 ಮೀಟರ್, ರೋಧ ಸುಮಾರು 9.4 ಓಮ್. 1 ಆಂಪಿಯರ್ ಹರಿದಾಗ 9.4 ವ್ಯಾಟ್ ಶಾಖ ಹುಟ್ಟುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.39ರಷ್ಟು ಏರುತ್ತದೆ. ಸುರುಳಿಯ ಉಷ್ಣತೆ 60 ಡಿಗ್ರಿ ಏರಿದರೆ ರೋಧ 11.6 ಓಮ್ ಆಗಿ, ಅದೇ ವೋಲ್ಟೇಜಿನಲ್ಲಿ ಪ್ರವಾಹ 0.81 ಆಂಪಿಯರ್‌ಗೆ ಇಳಿಯುತ್ತದೆ. ಬಲ ಪ್ರವಾಹದ ವರ್ಗಕ್ಕೆ ಅನುಪಾತವಾದ್ದರಿಂದ 49 ನ್ಯೂಟನ್ ಇದ್ದದ್ದು ಸುಮಾರು 32 ನ್ಯೂಟನ್ ಆಗುತ್ತದೆ. ತಣ್ಣಗಿದ್ದಾಗ ಸರಿಯಾಗಿ ತೆರೆಯುವ ವಾಲ್ವ್ ಕಾದ ಮೇಲೆ ತೆರೆಯದಿರುವುದಕ್ಕೆ ಇದೇ ಕಾರಣವಾಗಬಹುದು. ವಿಶ್ಲೇಷಣೆಯಲ್ಲಿ ಪ್ರವಾಹವನ್ನು 1 ಆಂಪಿಯರ್ ಎಂದು ನಿಗದಿಪಡಿಸಿಬಿಟ್ಟರೆ ಈ ಕುಸಿತ ಕಾಣಿಸುವುದೇ ಇಲ್ಲ.

ಪ್ರವಾಹ ಒಮ್ಮೆಲೇ ಏರುವುದಿಲ್ಲ. ಈ ಸುರುಳಿಯ ಇಂಡಕ್ಟೆನ್ಸ್ 2 ಮಿ.ಮೀ. ಅಂತರದಲ್ಲಿ ಸುಮಾರು 0.19 ಹೆನ್ರಿ. ರೋಧದಿಂದ ಭಾಗಿಸಿದರೆ ಕಾಲ ಸ್ಥಿರಾಂಕ ಸುಮಾರು 20 ಮಿಲಿಸೆಕೆಂಡ್. ಬಾಗಿಲಿನ ಬೀಗಕ್ಕೆ ಇದು ಸಾಕು. ಕೆಲವೇ ಮಿಲಿಸೆಕೆಂಡುಗಳಲ್ಲಿ ತೆರೆದು ಮುಚ್ಚಬೇಕಾದ ಇಂಧನ ಇಂಜೆಕ್ಟರ್‌ಗೆ ಬಹಳ ನಿಧಾನ. ಪ್ಲಂಜರ್ ಚಲಿಸುವಾಗ ಸುರುಳಿಯಲ್ಲಿ ವಿರುದ್ಧ ವೋಲ್ಟೇಜ್ ಹುಟ್ಟಿ ಪ್ರವಾಹ ಒಮ್ಮೆ ತಗ್ಗಿ ಮತ್ತೆ ಏರುತ್ತದೆ. ಇದಲ್ಲದೆ ಗಟ್ಟಿ ಕಬ್ಬಿಣದಲ್ಲಿ ಹುಟ್ಟುವ ಸುಳಿ ಪ್ರವಾಹಗಳು ಅಭಿವಾಹದ ಏರಿಕೆಯನ್ನು ತಡಮಾಡುತ್ತವೆ. ಇವನ್ನೆಲ್ಲ ಅರಿಯಲು ಸ್ಥಿರ ವಿಶ್ಲೇಷಣೆ ಸಾಲದೆ, ಕಾಲವನ್ನೂ ಸಣ್ಣ ಹೆಜ್ಜೆಗಳಾಗಿ ವಿಭಾಗಿಸುವ ವಿಶ್ಲೇಷಣೆ ಬೇಕಾಗುತ್ತದೆ.

50 ಹರ್ಟ್ಸ್ ಪರ್ಯಾಯ ಪ್ರವಾಹದಿಂದ ನಡೆಯುವ ಸೊಲೆನಾಯ್ಡ್‌ಗಳಲ್ಲಿ ಬಲ ಸೆಕೆಂಡಿಗೆ 100 ಸಲ ಸೊನ್ನೆಗಿಳಿಯಬಹುದಾದ್ದರಿಂದ ಪ್ಲಂಜರ್ ಕಟಕಟನೆ ಅದುರುತ್ತದೆ. ಇದನ್ನು ತಡೆಯಲು ಕಂಬದ ಮುಖದ ಒಂದು ಭಾಗಕ್ಕೆ ತಾಮ್ರದ ಉಂಗುರವನ್ನು ತೊಡಿಸಲಾಗುತ್ತದೆ. ಕಬ್ಬಿಣವನ್ನು ತೆಳು ಹಾಳೆಗಳಾಗಿ ಜೋಡಿಸುವುದರಿಂದ ಸುಳಿ ಪ್ರವಾಹಗಳು ಕಡಿಮೆಯಾಗುತ್ತವೆ.

## ಮಿತಿಗಳು

ಮಾದರಿಯಲ್ಲಿ ಸೇರಿಸದ ಸಂಗತಿಯನ್ನು ವಿಶ್ಲೇಷಣೆ ಎಂದಿಗೂ ತೋರಿಸಲಾರದು. ಇದಕ್ಕೆ ಉಳಿಕೆ ಕಾಂತತ್ವ ಗಂಭೀರವಾದ ನಿದರ್ಶನ. ಪ್ರವಾಹ ನಿಂತ ಮೇಲೂ ಕಬ್ಬಿಣದಲ್ಲಿ ಸ್ವಲ್ಪ ಕಾಂತತ್ವ ಉಳಿಯುತ್ತದೆ. ಹೆಚ್ಚಿನ ವಿಶ್ಲೇಷಣೆಗಳಲ್ಲಿ ಏರಿಕೆಗೂ ಇಳಿಕೆಗೂ ಒಂದೇ ಬಿ-ಎಚ್ ವಕ್ರರೇಖೆಯನ್ನು ಬಳಸುವುದರಿಂದ ಪ್ರವಾಹ ಸೊನ್ನೆಯಾದೊಡನೆ ಬಲವೂ ಸೊನ್ನೆ ಎಂಬ ಉತ್ತರ ಬರುತ್ತದೆ.

ಲಿಫ್ಟಿನ ಬ್ರೇಕ್‌ನಲ್ಲಿ ಈ ವ್ಯತ್ಯಾಸದ ಮಹತ್ವ ತಿಳಿಯುತ್ತದೆ. ಅಲ್ಲಿ ಬ್ರೇಕ್ ಅನ್ನು ಒತ್ತಿ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ವಿದ್ಯುತ್ಕಾಂತ. ವಿದ್ಯುತ್ ಹೋದರೆ ಬ್ರೇಕ್ ತಾನಾಗಿಯೇ ಬೀಳಬೇಕೆಂಬುದು ಈ ಏರ್ಪಾಟಿನ ಉದ್ದೇಶ. ಉಳಿಕೆ ಕಾಂತತ್ವದಿಂದ ಕಬ್ಬಿಣದ ಫಲಕ ಅಂಟಿಕೊಂಡರೆ ಬ್ರೇಕ್ ತಡವಾಗಿ ಬೀಳುತ್ತದೆ ಅಥವಾ ಬೀಳದೇ ಇರಬಹುದು. ಅಂತರ ಪೂರ್ತಿ ಮುಚ್ಚಿರುವಾಗ ಸಣ್ಣ ಉಳಿಕೆಯೂ ಗಣನೀಯ ಬಲವನ್ನು ಹುಟ್ಟಿಸಬಲ್ಲದು. ಇದಕ್ಕಾಗಿಯೇ ಇಂತಹ ಸಾಧನಗಳಲ್ಲಿ ಹಿತ್ತಾಳೆಯಂತಹ ಕಾಂತೀಯವಲ್ಲದ ವಸ್ತುವಿನ ತೆಳುವಾದ ಬಿಲ್ಲೆಯನ್ನು ನಡುವೆ ಇಟ್ಟು, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನೋಡಿಕೊಳ್ಳುತ್ತಾರೆ. ಗಣಕಯಂತ್ರದ ಚಿತ್ರದಲ್ಲಿ ಈ ಬಿಲ್ಲೆಯಿಂದ ಬಲ ಕಡಿಮೆಯಾಗುವುದು ಮಾತ್ರ ಕಾಣುತ್ತದೆ, ಅದರ ಪ್ರಯೋಜನ ಕಾಣುವುದಿಲ್ಲ. ಚಿತ್ರವನ್ನಷ್ಟೇ ನಂಬಿದವರಿಗೆ ಅದು ಅನಗತ್ಯವೆಂದು ತೋರುವ ಅಪಾಯವಿದೆ.

ತಯಾರಿಕೆಯಲ್ಲಾಗುವ ಅಳತೆಯ ವ್ಯತ್ಯಾಸ, ಪ್ಲಂಜರ್ ಒಂದು ಬದಿಗೆ ವಾಲುವುದು, ಘರ್ಷಣೆ, ತುಕ್ಕು ಮೊದಲಾದವೂ ಸಾಮಾನ್ಯ ಮಾದರಿಯ ಹೊರಗೆ ಉಳಿಯುತ್ತವೆ. ಪ್ಲಂಜರ್ ವಾಲಿದರೆ ಅಕ್ಷದ ಸುತ್ತಲಿನ ಸಮಮಿತಿಯೇ ತಪ್ಪಿ ಎರಡು ಆಯಾಮಗಳ ಮಾದರಿ ನಿರುಪಯುಕ್ತವಾಗುತ್ತದೆ. ಈ ಕಾರಣಗಳಿಂದ ವಿಶ್ಲೇಷಣೆಯ ನಂತರ ಮಾದರಿ ಸಾಧನವೊಂದನ್ನು ತಯಾರಿಸಿ, ಬೇರೆ ಬೇರೆ ಅಂತರಗಳಲ್ಲಿ ಬಲವನ್ನು ಅಳೆದು ನೋಡುವುದು ರೂಢಿಯಲ್ಲಿದೆ. ವಿಶ್ಲೇಷಣೆಯಿಂದ ಇಂತಹ ಪ್ರಯೋಗಗಳ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು ಅವುಗಳ ಅಗತ್ಯ ಇಲ್ಲವಾಗುವುದಿಲ್ಲ.

## ತಂತ್ರಾಂಶಗಳು

ಆರಂಭಿಕ ಕಲಿಕೆಗೆ ಡೇವಿಡ್ ಮೀಕರ್ ಅವರು ರಚಿಸಿರುವ ಫೆಮ್ ಎಂಬ ಉಚಿತ ತಂತ್ರಾಂಶ ಬಹಳ ಬಳಕೆಯಲ್ಲಿದೆ. ಇದು ಎರಡು ಆಯಾಮಗಳ ಮತ್ತು ಅಕ್ಷ ಸಮಮಿತಿಯ ಸಮಸ್ಯೆಗಳಿಗೆ ಸೀಮಿತ. ಲುವಾ ಭಾಷೆಯಲ್ಲಿ ಆದೇಶಗಳನ್ನು ಬರೆದು, ಪ್ಲಂಜರ್ ಅನ್ನು ಹಂತಹಂತವಾಗಿ ಸರಿಸಿ ಬಲದ ನಕ್ಷೆಯನ್ನು ಪಡೆಯಲು ಇದರಲ್ಲಿ ಅನುಕೂಲವಿದೆ. ಫಿನ್‌ಲೆಂಡಿನ ಎಲ್ಮರ್ ಹಾಗೂ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಗೆಟ್‌ಡಿಪಿ ಮೂರು ಆಯಾಮಗಳ ಸಮಸ್ಯೆಗಳನ್ನೂ ಬಿಡಿಸಬಲ್ಲ ಮುಕ್ತ ತಂತ್ರಾಂಶಗಳು. ಉದ್ಯಮಗಳಲ್ಲಿ ಆನ್ಸಿಸ್ ಮ್ಯಾಕ್ಸ್‌ವೆಲ್, ಕಾಮ್ಸಾಲ್, ಜೆಮ್ಯಾಗ್, ಫ್ಲಕ್ಸ್ ಮುಂತಾದ ವಾಣಿಜ್ಯ ತಂತ್ರಾಂಶಗಳು ಬಳಕೆಯಲ್ಲಿವೆ. ಬೆಲೆ ಮತ್ತು ಸೌಲಭ್ಯಗಳಲ್ಲಿ ಇವು ಬೇರೆಬೇರೆಯಾದರೂ, ಉತ್ತರವನ್ನು ತಾಳೆ ನೋಡುವ ಹೊಣೆ ಎಲ್ಲದರಲ್ಲಿಯೂ ಬಳಸುವವರ ಮೇಲೆಯೇ ಇರುತ್ತದೆ.

## ಇವನ್ನೂ ನೋಡಿ

* ವಿದ್ಯುತ್ಕಾಂತ
* ಸೊಲೆನಾಯ್ಡ್
* ಮ್ಯಾಕ್ಸ್‌ವೆಲ್ ಸಮೀಕರಣಗಳು
* ರಿಲೇ
* ಸುಳಿ ಪ್ರವಾಹ